ಕಾಲುಬಾಯಿ ಬೇನೆ ದನದ ಮೈಯೊಳಗೆ ಮಾಡುವ ಕೆಲಸ



ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರು ನನ್ನನ್ನು ಒಂದು ಮಾತು ಕೇಳಿದರು. ಮಿರಗದ ಮಳೆಗೆ ಇನ್ನು ಎಂಟು ಹತ್ತು ದಿವಸ ಉಳಿದಿತ್ತು. ಅವರ ದೇವಣಿ ಜೋಡಿಯಲ್ಲಿ ಎಡಗಡೆಯ ಎತ್ತು ಬಾಯಿಂದ ಜೊಲ್ಲು ಸುರಿಸುತ್ತ, ಮುಂಗಾಲನ್ನು ಎತ್ತಿ ಎತ್ತಿ ಇಡುತ್ತ ನಿಂತಿತ್ತು. ಮುಂದೆ ಹಾಕಿದ ಕಣಿಕಿ ಹಾಕಿದ ಹಾಗೆಯೇ ಇತ್ತು. "ಸಾಹೇಬ್ರ, ಎರಡು ಸೂಜಿ ಹಾಕ್ಸೀನಿ. ಇಷ್ಟು ದವಾ ಮೈಯಾಗ ಹೋದ್ರೂ ಈ ಬ್ಯಾನಿ ಯಾಕ ಸಾಯವಲ್ದು?" ಎಂದರು.

"ಇದು ವೈರಸ್ ರೋಗ, ಇದಕ್ಕೆ ಔಷಧಿ ಇಲ್ಲ" ಎಂದು ಹೇಳಿ ಅಂದು ನಾನು ಮುಂದಿನ ಮನೆಗೆ ಹೋದೆ. ಆ ಮಾತು ಸುಳ್ಳಲ್ಲ. ಆದರೆ ಅದು ಉತ್ತರವೂ ಅಲ್ಲ. ಔಷಧಿ ಯಾಕೆ ಇಲ್ಲ ಎಂದು ಅವರು ಕೇಳಿದ್ದು. ಅದಕ್ಕೆ ಉತ್ತರ ದನದ ಮೈಯೊಳಗೆ, ಕಣ್ಣಿಗೆ ಕಾಣದ ಜೀವಕಣದೊಳಗೆ ಇದೆ. ಅದನ್ನು ಇಂದು ನಿಧಾನವಾಗಿ ಹೇಳಬೇಕೆಂದಿದ್ದೇನೆ.

ಈ ಬೇನೆಯನ್ನು ನೀವೆಲ್ಲ ಬಲ್ಲಿರಿ. ಕಾಲುಬಾಯಿ ಬೇನೆ, ಕಾಲುಬಾಯಿ ಜ್ವರ ಎನ್ನುತ್ತೀರಿ. ಔರಾದ ಕಡೆಯ ಮರಾಠಿ ಮಾತಿನ ಮನೆಗಳಲ್ಲಿ ಖುರಕೂತ ಎನ್ನುತ್ತಾರೆ. ಮೊದಲು ಜ್ವರ, ಆಮೇಲೆ ನಾಲಿಗೆ, ವಸಡು, ಗೊರಸಿನ ಸಂದು, ಕೆಚ್ಚಲು ಇಲ್ಲೆಲ್ಲ ಬೊಬ್ಬೆ. ಬೊಬ್ಬೆ ಒಡೆದು ಹುಣ್ಣು. ದನ ಬಾಯಿ ಚಪ್ಪರಿಸುತ್ತ ನೂಲಿನಂಥ ಜೊಲ್ಲು ಬಿಡುತ್ತದೆ. ದೊಡ್ಡ ದನ ಸಾಯುವುದು ಕಡಿಮೆ, ಆದರೆ ಸಾಯುವುದೇ ಇಲ್ಲವೆಂದು ನಂಬಬೇಡಿರಿ. 2013ರಲ್ಲಿ ನಮ್ಮ ರಾಜ್ಯದ ದಕ್ಷಿಣದ ಜಿಲ್ಲೆಗಳಲ್ಲಿ ಈ ಬೇನೆ ಎದ್ದಾಗ ಸಾವಿರಾರು ದನಗಳು ಸತ್ತವು. ಹಾಲಿನ ಮೇಲೆಯೇ ಮನೆ ನಡೆಸುತ್ತಿದ್ದವರ ಕೊಟ್ಟಿಗೆಗಳು ಬರಿದಾದವು.

ನಮ್ಮ ದೇವಣಿ ತಳಿ ಗಟ್ಟಿ. ವಾನೆರಾ, ಬಾಲಂಕ್ಯಾ, ಶೇವೆರಾ ಎಂದು ಮೈಬಣ್ಣ ನೋಡಿ ನೀವು ಕರೆಯುವ ಮೂರು ಬಗೆಯೂ ಈ ಬೇನೆಯನ್ನು ಮಿಶ್ರತಳಿ ಆಕಳಿಗಿಂತ ತುಸು ಚೆನ್ನಾಗಿ ತಡೆದುಕೊಳ್ಳುತ್ತವೆ. ಆದರೆ ತಡೆದುಕೊಳ್ಳುವುದು ಬೇರೆ, ಬೇನೆ ಬಾರದಿರುವುದು ಬೇರೆ. ಬಿತ್ತನೆಯ ಹೊತ್ತಿಗೆ ಹದಿನೈದು ದಿನ ಎತ್ತು ಕುಂಟಿದರೆ ಆ ವರ್ಷದ ಹೆಸರು, ಉದ್ದು ಹದ ತಪ್ಪಿದಂತೆಯೇ.

ಈಗ ರೋಗದ ಬೀಜದ ಮಾತು. 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಎಂಬ ಇಬ್ಬರು ವಿಜ್ಞಾನಿಗಳು ಬೊಬ್ಬೆಯ ನೀರನ್ನು ಬಹಳ ಸೂಕ್ಷ್ಮವಾದ ಸೋಸುಗದಲ್ಲಿ ಸೋಸಿದರು. ಆಗ ತಿಳಿದಿದ್ದ ಯಾವ ರೋಗಾಣುವೂ ಆ ಸೋಸುಗವನ್ನು ದಾಟುತ್ತಿರಲಿಲ್ಲ. ಆದರೆ ಸೋಸಿ ಇಳಿದ ತಿಳಿನೀರನ್ನು ಒಳ್ಳೆಯ ದನಕ್ಕೆ ಚುಚ್ಚಿದಾಗ ಅದಕ್ಕೂ ಬೇನೆ ಬಂತು. ಪ್ರಾಣಿಗಳ ರೋಗಗಳಲ್ಲಿ ವೈರಸ್ಸಿನಿಂದ ಬರುವುದೆಂದು ಮೊಟ್ಟಮೊದಲು ಗೊತ್ತಾದದ್ದು ಇದೇ ನಮ್ಮ ಕಾಲುಬಾಯಿ ಬೇನೆ. ಆ ವೈರಸ್ಸು ಎಷ್ಟು ಸಣ್ಣದೆಂದರೆ, ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿನಲ್ಲಿ 30,000ಕ್ಕೂ ಹೆಚ್ಚು ನಿಲ್ಲುತ್ತವೆ.

ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ಅದು ಮೇವು ತಿನ್ನುವುದಿಲ್ಲ, ತಾನಾಗಿ ಮರಿ ಹಾಕುವುದೂ ಇಲ್ಲ. ಹೊರಗೊಂದು ಚಿಪ್ಪು, ಒಳಗೊಂದು ಉದ್ದನೆಯ ಚೀಟಿ, ಅಷ್ಟೇ. ಆ ಚೀಟಿಯಲ್ಲಿ ಇರುವುದು ಎಂಟು ಸಾವಿರ ಚಿಲ್ಲರೆ ಅಕ್ಷರ. "ನನ್ನಂಥವನ್ನು ಇನ್ನಷ್ಟು ಮಾಡು" ಎಂಬುದೇ ಅದರ ಒಕ್ಕಣೆ. ಹಾಗಾದರೆ ಮಾಡುವವರು ಯಾರು? ದನವೇ ಮಾಡಬೇಕು!

ದನದ ಮೈ ಕೋಟ್ಯನುಕೋಟಿ ಜೀವಕಣಗಳಿಂದ ಕಟ್ಟಿದ್ದು. ನಾಲಿಗೆಯ ತೊಗಲು, ಗೊರಸಿನ ಸಂದು, ಕೆಚ್ಚಲು, ಗುಂಡಿಗೆ ಎಲ್ಲವೂ ಜೀವಕಣಗಳೇ. ಒಂದೊಂದು ಜೀವಕಣವೂ ಹಗಲಿರುಳು ಪ್ರೋಟೀನು ತಯಾರಿಸುತ್ತದೆ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಸಸಾರಜನಕ ಎಂದಿದ್ದರು. ಬೇಳೆಯಲ್ಲಿದೆ, ಹಿಂಡಿಯಲ್ಲಿದೆ ಎಂದು ನಾವು ಹೇಳುವ ಪ್ರೋಟೀನು ಹೊಟ್ಟೆಯಲ್ಲಿ ಕರಗಿ ಚೂರುಚೂರಾಗುತ್ತದೆ. ಆ ಚೂರುಗಳನ್ನು ಜೀವಕಣವು ತನಗೆ ಬೇಕಾದಂತೆ ಮತ್ತೆ ಪೋಣಿಸಿಕೊಳ್ಳುತ್ತದೆ. ಎತ್ತಿನ ಹೆಗಲ ಮಾಂಸ, ಹಾಲು ಒಡೆದಾಗ ಗಟ್ಟಿಯಾಗಿ ನಿಲ್ಲುವ ಅಂಶ, ಕೊಂಬು, ಗೊರಸು ಇವೆಲ್ಲ ಹೀಗೆ ಪೋಣಿಸಿದ ಪ್ರೋಟೀನುಗಳೇ.

ಪೋಣಿಸುವ ಯಂತ್ರಕ್ಕೆ ರೈಬೋಸೋಮ್ ಎಂದು ಹೆಸರು. ಒಂದು ಜೀವಕಣದಲ್ಲಿ ಇಂಥವು ಲಕ್ಷಗಟ್ಟಲೆ ಇರುತ್ತವೆ. ಯಾವ ಪ್ರೋಟೀನು ಬೇಕೆಂಬುದು ಜೀವಕಣದ ನಡುವಿನ ಭಂಡಾರದಲ್ಲಿ ಬರೆದಿಟ್ಟಿದೆ. ಅಲ್ಲಿಂದ ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ ನಕಲಾಗಿ ಯಂತ್ರದ ಕಡೆಗೆ ಬರುತ್ತದೆ. ಯಂತ್ರ ಚೀಟಿಯನ್ನು ಓದುತ್ತ ಹೋಗಿ ಪ್ರೋಟೀನು ಪೋಣಿಸುತ್ತದೆ. ಬಂದ ಬಂದ ಚೀಟಿಯನ್ನೆಲ್ಲ ಯಂತ್ರ ಓದಿದರೆ ಗತಿಯೇನು? ಅದಕ್ಕೇ ಮನೆಯ ಚೀಟಿಗಳ ತಲೆಯ ಮೇಲೆ ಒಂದು ಮೊಹರು ಇರುತ್ತದೆ. ಆ ಮೊಹರನ್ನು ಗುರುತಿಸಿ ಹಿಡಿಯುವ ಒಂದು ಕೈ ಇದೆ. ಆ ಕೈಯನ್ನು ಯಂತ್ರಕ್ಕೆ ಬಿಗಿಯುವ ಒಂದು ಕೊಂಡಿಯೂ ಇದೆ.

ಈ ಕೊಂಡಿಯ ಮೇಲೆ ಗಮನವಿಡಿ. ವಿಷಯವೆಲ್ಲ ಇಲ್ಲಿಯೇ ಇದೆ.

ನೇಗಿಲು ಹೂಡುವಾಗ ಏನು ಮಾಡುತ್ತೀರಿ? ಎತ್ತುಗಳು ನೊಗ ಹೊತ್ತಿರುತ್ತವೆ. ನೇಗಿಲಿಗೆ ಈಸು ಇರುತ್ತದೆ. ನೊಗವನ್ನೂ ಈಸನ್ನೂ ಮಿಣಿಯಿಂದ ಬಿಗಿಯುತ್ತೀರಿ. ಎತ್ತು ಎಷ್ಟೇ ಬಲವಾಗಿರಲಿ, ಕುಳ ಎಷ್ಟೇ ಚೂಪಾಗಿರಲಿ, ಮಿಣಿ ಹರಿದರೆ ಎತ್ತು ಮುಂದೆ ಹೋಗುತ್ತವೆ, ನೇಗಿಲು ಇದ್ದಲ್ಲೇ ಬೀಳುತ್ತದೆ. ಜೀವಕಣದಲ್ಲಿ ಮೊಹರಿನ ಚೀಟಿ ಎತ್ತಿನ ಜಾಗದಲ್ಲಿದೆ. ಯಂತ್ರ ನೇಗಿಲಿನ ಜಾಗದಲ್ಲಿದೆ. ಆ ಕೊಂಡಿಯೇ ಮಿಣಿ.

ಕಾಲುಬಾಯಿ ಬೇನೆಯ ವೈರಸ್ಸು ಜೀವಕಣದೊಳಗೆ ಹೊಕ್ಕ ಕೂಡಲೇ ತನ್ನ ಚೀಟಿಯ ಮೊದಲ ಭಾಗವನ್ನು ಓದಿಸಿಕೊಂಡು ಒಂದು ಕತ್ತರಿ ತಯಾರಿಸಿಕೊಳ್ಳುತ್ತದೆ. ಆ ಕತ್ತರಿಯೂ ಒಂದು ಪ್ರೋಟೀನೇ. ಅದು ನೇರವಾಗಿ ಹೋಗಿ ಈ ಮಿಣಿಯನ್ನು ಎರಡು ತುಂಡು ಮಾಡುತ್ತದೆ. ಭಂಡಾರದಿಂದ ಚೀಟಿ ಬರುವುದು ನಿಲ್ಲುವುದಿಲ್ಲ, ಯಂತ್ರಗಳೂ ಗಟ್ಟಿಯಾಗಿಯೇ ಇರುತ್ತವೆ. ಆದರೆ ಮನೆಯ ಚೀಟಿ ಯಂತ್ರವನ್ನು ಮುಟ್ಟುವುದಿಲ್ಲ. ಕೆಲವೇ ಗಂಟೆಗಳಲ್ಲಿ ಜೀವಕಣದ ಸ್ವಂತ ಕೆಲಸ ಬಹುಮಟ್ಟಿಗೆ ನಿಂತುಹೋಗುತ್ತದೆ.

"ಮಿಣಿ ಹರಿದ್ರ ವೈರಸ್ಸಿನ ಚೀಟಿನೂ ನಿಲ್ಲಬೇಕಲ್ರೀ?" ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದ ಮಾತೇ. ಇಲ್ಲಿದೆ ಕಳ್ಳನ ಜಾಣತನ. ವೈರಸ್ಸಿನ ಚೀಟಿಗೆ ಮೊಹರು ಮೊದಲಿನಿಂದಲೂ ಇಲ್ಲ. ಅದರ ಬದಲು ಚೀಟಿಯೇ ಒಂದು ಕಡೆ ಮಡಿಚಿಕೊಂಡು ಕೊಕ್ಕೆಯಂತೆ ನಿಂತಿರುತ್ತದೆ. ಮಿಣಿ ಎರಡು ತುಂಡಾದಾಗ ಒಂದು ತುಂಡು ನೇಗಿಲ ಕಡೆಗೇ, ಅಂದರೆ ಯಂತ್ರದ ಕಡೆಗೇ ಉಳಿದಿರುತ್ತದಲ್ಲ, ಆ ತುಂಡಿಗೆ ಈ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ಮನೆಯವರ ಎತ್ತು ಬಿಚ್ಚಿ ತನ್ನ ಎತ್ತು ಹೂಡಿದ ಹಾಗೆ! ಹೊಲ ನಿಮ್ಮದು, ನೇಗಿಲು ನಿಮ್ಮದು, ಮೇವೂ ನಿಮ್ಮದು. ಬೆಳೆ ಮಾತ್ರ ಅವನದು. ಆರು ತಾಸು ಕಳೆಯುವುದರೊಳಗೆ ಒಂದು ಜೀವಕಣದಲ್ಲಿ ಹೊಸ ವೈರಸ್ಸು ತಯಾರಾಗಿ ಹೊರಬೀಳತೊಡಗುತ್ತದೆ. ಜೀವಕಣ ಒಡೆದು ಸಾಯುತ್ತದೆ. ಹಾಗೆ ಸತ್ತ ಜೀವಕಣಗಳ ನಡುವೆ ನೀರು ತುಂಬಿದ ಜಾಗವೇ ನಾಲಿಗೆಯ ಮೇಲೆ ನಿಮಗೆ ಕಾಣುವ ಬೊಬ್ಬೆ. ಇದನ್ನು ಮೊದಲ ಸಲ ಓದಿದಾಗ ನನಗೆ ಬೆರಗೂ ಆಯಿತು, ಸಿಟ್ಟೂ ಬಂತು.

ಇದರಲ್ಲಿ ಇನ್ನೊಂದು ಕೇಡು ಅಡಗಿದೆ. ವೈರಸ್ಸು ಹೊಕ್ಕ ಜೀವಕಣ ಸುಮ್ಮನೆ ಸಾಯುವಂಥದಲ್ಲ. ಅದು ಕೂಗಿ ಅಕ್ಕಪಕ್ಕದವರನ್ನು ಎಚ್ಚರಿಸುತ್ತದೆ. ಆ ಕೂಗು ಕೂಡ ಒಂದು ಪ್ರೋಟೀನು. ಇಂಟರ್‌ಫೆರಾನ್ ಎಂದು ಅದರ ಹೆಸರು. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬವರು ಅದನ್ನು ಕಂಡುಹಿಡಿದರು. ಆ ಕೂಗು ಮುಟ್ಟಿದ ಪಕ್ಕದ ಜೀವಕಣಗಳು ತಮ್ಮ ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ಆದರೆ ಮಿಣಿ ಹರಿದ ಮೇಲೆ ಕೂಗುವ ಪ್ರೋಟೀನನ್ನು ತಯಾರಿಸುವುದು ಹೇಗೆ? ಊರಿಗೆ ಕಳ್ಳ ಬಂದಾಗ ಮೊದಲು ಕಾವಲುಗಾರನ ಬಾಯಿ ಕಟ್ಟಿದ ಹಾಗೆ ಆಗುತ್ತದೆ. ಈ ಬೇನೆ ಬೆಂಕಿಯಂತೆ ಹರಡುವುದಕ್ಕೆ ಇದೊಂದು ದೊಡ್ಡ ಕಾರಣ.

ಇದು ಬರೀ ಊಹೆಯಲ್ಲ. 1990ರ ದಶಕದಲ್ಲಿ ಅಮೆರಿಕದ ಪ್ಲಮ್ ದ್ವೀಪದ ಪ್ರಯೋಗಶಾಲೆಯಲ್ಲಿ ಆ ಕತ್ತರಿಯ ಅಕ್ಷರಗಳನ್ನೇ ಚೀಟಿಯಿಂದ ತೆಗೆದುಹಾಕಿದ ವೈರಸ್ಸನ್ನು ತಯಾರಿಸಿದರು. ದನಗಳಿಗೆ ಅದನ್ನು ಉಸಿರಿನ ಮೂಲಕ ಕೊಟ್ಟು ನೋಡಿದರು. ಕತ್ತರಿಯಿಲ್ಲದ ವೈರಸ್ಸು ಮೈತುಂಬ ಹಬ್ಬಲಾರದೆ ಹೋಯಿತು.

ಇನ್ನು ಆ ಹಿರಿಯರ ಪ್ರಶ್ನೆಗೆ ಬರೋಣ. ಸೂಜಿ ಹಾಕಿಸಿದರೂ ಬೇನೆ ಯಾಕೆ ಸಾಯಲಿಲ್ಲ?

ದವಾಖಾನೆಯಲ್ಲಿ ಕೊಡುವ ಟೆಟ್ರಾಸೈಕ್ಲಿನ್‌ನಂಥ ಔಷಧಿ ಬ್ಯಾಕ್ಟೀರಿಯಾ ಎಂಬ ರೋಗಾಣುಗಳ ಮೇಲೆ ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾಕ್ಕೆ ಅದರದೇ ಪ್ರೋಟೀನು ಯಂತ್ರ ಇದೆ. ಅದರ ಆಕಾರ ದನದ ಯಂತ್ರಕ್ಕಿಂತ ಬೇರೆ. ಔಷಧಿ ಹೋಗಿ ಆ ಯಂತ್ರದಲ್ಲಿ ಸಿಕ್ಕಿಕೊಂಡು ಅದನ್ನು ನಿಲ್ಲಿಸುತ್ತದೆ, ದನದ ಯಂತ್ರವನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ವೈರಸ್ಸಿಗೆ ಸ್ವಂತ ಯಂತ್ರವೇ ಇಲ್ಲ. ಅದು ನಡೆಸುವುದು ದನದ ಯಂತ್ರವನ್ನು. ಆ ಯಂತ್ರವನ್ನು ನಿಲ್ಲಿಸಹೋದರೆ ಕಳ್ಳನಿಗಿಂತ ಮೊದಲು ಮನೆಯವರೇ ಸಾಯುತ್ತಾರೆ. ಹಾಗಾದರೆ ಡಾಕ್ಟರು ಸೂಜಿ ಹಾಕುವುದು ಯಾಕೆ? ಒಡೆದ ಹುಣ್ಣಿನಲ್ಲಿ ಬ್ಯಾಕ್ಟೀರಿಯಾ ಕೂತು ಕೀವಾಗದಿರಲಿ ಎಂದು. ಅದು ಬೇಕಾದ ಸೂಜಿಯೇ. ಆದರೆ ಅದು ವೈರಸ್ಸಿನ ಸೂಜಿ ಅಲ್ಲ. ಒಂದರ ಮೇಲೆ ಒಂದು ಹಾಕಿಸಿ ದುಡ್ಡು ಕಳೆಯಬೇಡಿರಿ.

ನಮ್ಮ ಹೊಲದ ಉದ್ದು, ಹೆಸರಿಗೆ ಬರುವ ಹಳದಿ ರೋಗವೂ ಇಂಥದೇ ಕಥೆ. ಆ ವೈರಸ್ಸಿನ ಜಾತಿ ಬೇರೆ, ಕಳವಿನ ದಾರಿ ಬೇರೆ. ಆದರೆ ಅದೂ ಗಿಡದ ಯಂತ್ರವನ್ನೇ ನಂಬಿ ಬದುಕುತ್ತದೆ. ಔಷಧಿ ಹೊಡೆದರೆ ಅದನ್ನು ಹೊತ್ತು ತರುವ ಬಿಳಿನೊಣ ಸತ್ತೀತು, ಹಳದಿಯಾದ ಗಿಡ ಮಾತ್ರ ಹಸಿರಾಗುವುದಿಲ್ಲ.

ಹಾಗಾದರೆ ಬೇನೆ ಬಿದ್ದ ದನ ಗುಣವಾಗುವುದು ಹೇಗೆ? ಮಿಣಿ ಹರಿಯುವುದು ವೈರಸ್ಸು ಹೊಕ್ಕ ಜೀವಕಣದಲ್ಲಿ ಮಾತ್ರ. ಮೈಯ ಬೇರೆ ಕಡೆ ರೋಗ ಎದುರಿಸಲೆಂದೇ ಇರುವ ಜೀವಕಣಗಳು ತಮ್ಮ ಯಂತ್ರ ನಡೆಸಿ ಪ್ರತಿಕಾಯ ಎಂಬ ಪ್ರೋಟೀನು ತಯಾರಿಸುತ್ತವೆ. ಪ್ರತಿಕಾಯ ಹೋಗಿ ವೈರಸ್ಸಿನ ಚಿಪ್ಪಿಗೆ ಅಂಟಿಕೊಂಡರೆ ಅದಕ್ಕೆ ಜೀವಕಣದ ಬಾಗಿಲು ತೆರೆಯುವುದಿಲ್ಲ. ಆದರೆ ಹೊಸದಾಗಿ ಪ್ರತಿಕಾಯ ತಯಾರಾಗಲು ದಿನಗಳು ಹಿಡಿಯುತ್ತವೆ, ವೈರಸ್ಸಿಗೆ ತಾಸುಗಳು ಸಾಕು. ಎಷ್ಟು ದೊಡ್ಡ ಅಂತರ ನೋಡಿರಿ! ಆ ಅಂತರದಲ್ಲಿಯೇ ನಾಲಿಗೆ ಸುಲಿಯುತ್ತದೆ, ಗೊರಸು ಬಿಡುತ್ತದೆ. ಎಳೆಗರುಗಳಲ್ಲಿ ವೈರಸ್ಸು ಗುಂಡಿಗೆಯ ಮಾಂಸಕ್ಕೇ ಹೊಕ್ಕು, ಬಾಯಲ್ಲಿ ಒಂದು ಬೊಬ್ಬೆಯೂ ಕಾಣದೆ ಕರು ನಿಂತಲ್ಲೇ ಕುಸಿದು ಸಾಯುವುದುಂಟು.

ಲಸಿಕೆಯ ಅರ್ಥ ಈಗ ತಿಳಿದಿರಬೇಕು. ಲಸಿಕೆಯಲ್ಲಿರುವುದು ಕೊಂದ ವೈರಸ್ಸು. ಅದರ ಚೀಟಿಯನ್ನು ಓದಲಾಗದಂತೆ ಕೆಡಿಸಿ ಚಿಪ್ಪನ್ನು ಮಾತ್ರ ಹಾಗೆಯೇ ಉಳಿಸಿರುತ್ತಾರೆ. ಅದರಿಂದ ಕತ್ತರಿ ಹುಟ್ಟುವುದಿಲ್ಲ, ಮಿಣಿ ಹರಿಯುವುದಿಲ್ಲ. ದನದ ಯಂತ್ರಗಳು ಸಾವಕಾಶವಾಗಿ ಆ ಚಿಪ್ಪಿಗೆ ತಕ್ಕ ಪ್ರತಿಕಾಯ ಮಾಡಿಡುತ್ತವೆ. ಎರಡು ಮೂರು ವಾರದಲ್ಲಿ ಕಾವಲು ಸಿದ್ಧವಾಗುತ್ತದೆ. ಮಕ್ಕಳಿಗೆ ನಾವು ಹಾಕಿಸಿದ ಪೋಲಿಯೊ ಹನಿ ನೆನಪಿಸಿಕೊಳ್ಳಿರಿ. ಪೋಲಿಯೊ ವೈರಸ್ಸು ಈ ಕಾಲುಬಾಯಿ ವೈರಸ್ಸಿನ ಕುಲದ್ದೇ. ಅದರ ಕತ್ತರಿ ಬೇರೆ, ಆದರೆ ಅದು ಹರಿಯುವುದೂ ಇದೇ ಮಿಣಿಯನ್ನು. ಅದು ಹೊಕ್ಕ ಮೇಲೆ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಬರುವುದಕ್ಕೆ ಮೊದಲೇ ಹನಿ ಹಾಕಿ ಹಾಕಿ 2014ರಲ್ಲಿ ನಮ್ಮ ದೇಶ ಪೋಲಿಯೊ ಮುಕ್ತವೆನಿಸಿತು. ದನಗಳ ದೊಡ್ಡಬೇನೆಯೂ ಹಾಗೆಯೇ ಲಸಿಕೆಯಿಂದ 2011ರಲ್ಲಿ ಲೋಕದಿಂದಲೇ ಹೋಯಿತು. ನಿಮ್ಮ ಅಜ್ಜಂದಿರು ಆ ಬೇನೆಗೆ ಹಟ್ಟಿಗೆ ಹಟ್ಟಿಯೇ ಕಳೆದುಕೊಂಡವರು.

ಆದರೂ ಲಸಿಕೆಯವರು ಊರಿಗೆ ಬಂದ ದಿನ ದನ ಹೊಡೆದುಕೊಂಡು ಅಡವಿಗೆ ಹೋಗುವವರಿದ್ದಾರೆ. ಅವರ ಮಾತನ್ನೂ ಕೇಳಬೇಕು. "ಸೂಜಿ ಹಾಕಿದ್ರ ಹಾಲು ಇಳೀತದ" ಎನ್ನುತ್ತಾರೆ. ಇಳಿಯುತ್ತದೆ, ನಾನು ಇಲ್ಲವೆನ್ನುವುದಿಲ್ಲ. ಕೆಲವು ದನಗಳಲ್ಲಿ ಒಂದೆರಡು ದಿನ ಹಾಲು ತುಸು ಕಡಿಮೆಯಾಗುತ್ತದೆ, ಸೂಜಿ ಹಾಕಿದಲ್ಲಿ ಗಂಟೂ ಬರಬಹುದು. ಬೇನೆಯೇ ಬಂದರೆ ಆ ಸೂಲಿನ ಹಾಲೇ ಹೋದೀತು. "ಗಬ್ಬದ ಎಮ್ಮಿಗಿ ಹ್ಯಾಂಗ್ರೀ?" ಎಂದು ತಾಯಂದಿರು ಕೇಳುತ್ತಾರೆ. ದಿನ ತುಂಬುತ್ತ ಬಂದ ಎಮ್ಮೆಯಿದ್ದರೆ ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿರಿ, ಹಾಕುವುದೋ ಬಿಡುವುದೋ ಅವರು ನಿರ್ಧರಿಸುತ್ತಾರೆ. "ಹೋದ ವರ್ಷ ಹಾಕ್ಸೀವಲ್ಲ" ಎನ್ನುವವರೇ ಬಹಳ. ಈ ಲಸಿಕೆಯ ಕಾವಲು ಸುಮಾರು ಆರು ತಿಂಗಳದ್ದು. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲನೆಯದು, ಅದಾಗಿ ಒಂದು ತಿಂಗಳಿಗೆ ಇನ್ನೊಂದು, ಆಮೇಲೆ ಆರಾರು ತಿಂಗಳಿಗೆ ಒಂದೊಂದು. 2019ರಿಂದ ಇದಕ್ಕೆ ರಾಷ್ಟ್ರೀಯ ಕಾರ್ಯಕ್ರಮವಿದೆ. ರೊಕ್ಕ ಕೊಡಬೇಕಿಲ್ಲ. ಕಿವಿಗೆ 12 ಅಂಕಿಯ ಓಲೆ ಹಾಕಿ ಲೆಕ್ಕ ಇಡುತ್ತಾರೆ.

ಹಳೆಯ ಇನ್ನೊಂದು ರೂಢಿಯನ್ನೂ ಹೇಳಬೇಕು. ಒಂದು ದನಕ್ಕೆ ಬಂದರೆ ಅದರ ಜೊಲ್ಲನ್ನು ಉಳಿದವಕ್ಕೂ ಸವರಿ "ಎಲ್ಲಕ್ಕೂ ಒಮ್ಮೆಗೇ ಬಂದು ಹೋಗಲಿ" ಎನ್ನುತ್ತಿದ್ದರು. ಇದು ಬೇಡ. ನಮ್ಮ ದೇಶದಲ್ಲಿ ಓ, ಎ, ಏಷ್ಯಾ-1 ಎಂದು ಮೂರು ಬಗೆಯ ವೈರಸ್ಸು ತಿರುಗುತ್ತಿವೆ. ಒಂದು ಬಂದು ಹೋದರೆ ಇನ್ನೊಂದಕ್ಕೆ ಕಾವಲಾಗುವುದಿಲ್ಲ. ಲಸಿಕೆಯಲ್ಲಿ ಮೂರಕ್ಕೂ ಚಿಪ್ಪು ಸೇರಿದೆ. ಆ ಚಿಪ್ಪು ಬಿಸಿಲಿಗೆ ಒಡೆದುಹೋಗುವಂಥದು. ಅದಕ್ಕೇ ಲಸಿಕೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ತರುತ್ತಾರೆ. ನಿಮ್ಮ ಓಣಿಗೆ ಅವರು ಬಂದಾಗ ದನ ಕಟ್ಟಿ ಸಿದ್ಧವಾಗಿಟ್ಟರೆ ಡಬ್ಬಿ ಬಿಸಿಲಲ್ಲಿ ಕಾಯುವುದಿಲ್ಲ.

ಔರಾದ, ಭಾಲ್ಕಿಯವರು ಇನ್ನೂ ಒಂದು ಗಮನದಲ್ಲಿಡಬೇಕು. ನಮಗೆ ಮಹಾರಾಷ್ಟ್ರ ಒಂದು ಕಡೆ, ತೆಲಂಗಾಣ ಒಂದು ಕಡೆ. ದನ ಸಂತೆಯಿಂದ ಸಂತೆಗೆ ಗಡಿ ದಾಟಿ ಬರುತ್ತವೆ. ಮಾಂಜ್ರಾ, ಕಾರಂಜಾ ದಂಡೆಯಲ್ಲಿ ಹತ್ತೂರ ದನ ನೀರಿಗಿಳಿಯುತ್ತವೆ. ಹೊಸದಾಗಿ ಕೊಂಡು ತಂದ ದನವನ್ನು ಎರಡರಿಂದ ಮೂರು ವಾರ ಬೇರೆ ಕಟ್ಟಿರಿ. ಬೇನೆ ಮೈಯೊಳಗಿದ್ದರೆ ಸಾಮಾನ್ಯವಾಗಿ 14 ದಿನಗಳೊಳಗೆ ಹೊರಗೆ ಕಾಣುತ್ತದೆ.

ಇಷ್ಟಾಗಿಯೂ ಬೇನೆ ಬಂದೇಬಿಟ್ಟರೆ ಆ ದನವನ್ನು ಕೂಡಲೇ ಬೇರೆ ಮಾಡಿರಿ. ಅದರ ಗೋದಲಿ, ಬಕೀಟು, ಹಗ್ಗ ಬೇರೆ ಇರಲಿ. ಅದನ್ನು ನೋಡಿಕೊಳ್ಳುವವರು ಉಳಿದ ದನಗಳ ಕೆಲಸವನ್ನು ಮೊದಲು ಮುಗಿಸಿ ಕೊನೆಗೆ ಅದರ ಹತ್ತಿರ ಹೋಗಲಿ. ಈ ವೈರಸ್ಸಿಗೆ ಹುಳಿಯೂ ಆಗದು, ಕ್ಷಾರವೂ ಆಗದು. ಒಂದು ಲೀಟರು ನೀರಿಗೆ 40 ಗ್ರಾಂ ಬಟ್ಟೆಸೋಡಾ ಕರಗಿಸಿ ನೆಲ, ಗೋದಲಿ ತೊಳೆಯಿರಿ. ಬಾಯಿಯನ್ನು ಪಟಿಕದ ನೀರಿನಿಂದ ತೊಳೆದು, ಕಾಲಿನ ಹುಣ್ಣು ಶುದ್ಧ ಮಾಡಿ, ನೊಣ ಕೂತು ಹುಳ ಬೀಳದಂತೆ ಬೇವಿನೆಣ್ಣೆ ಹಚ್ಚಿರಿ. ಕಣಿಕಿ ಹಾಕಬೇಡಿರಿ, ನಾಲಿಗೆ ಸುಲಿದ ದನಕ್ಕೆ ಅದು ಮುಳ್ಳಿದ್ದಂತೆ. ಜೋಳದ ಅಂಬಲಿ, ಎಳೆಯ ಹುಲ್ಲು ಕೊಡಿರಿ. ಬೇನೆ ಬಿದ್ದ ಆಕಳ ಮೊಲೆಗೆ ಕರು ಬಿಡಬೇಡಿರಿ. ಒಳ್ಳೆಯ ದನದ ಹಾಲನ್ನು ಕಾಯಿಸಿ ಆರಿಸಿ ಕುಡಿಸಿರಿ. ಪಶು ದವಾಖಾನೆಗೆ ಸುದ್ದಿ ಮುಟ್ಟಿಸಲು 1962 ಸಂಖ್ಯೆಗೆ ಫೋನು ಮಾಡಬಹುದು. ಬೀದರ ನಗರದ ಹತ್ತಿರ ಇರುವವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜೂ ಇದೆ.

ಹುಣ್ಣು ಮಾಯ್ದ ಮೇಲೆ ಎತ್ತನ್ನು ಒಮ್ಮೆಗೇ ಹೂಡಬೇಡಿರಿ. ಬೇನೆ ಉಂಡ ಕೆಲವು ದನಗಳು ತಿಂಗಳುಗಟ್ಟಲೆ ಬಿಸಿಲಲ್ಲಿ ಏದುಸಿರು ಬಿಡುತ್ತವೆ. ಗಂಟಲಲ್ಲಿ ವೈರಸ್ಸು ಉಳಿದುಕೊಳ್ಳುವುದೂ ಉಂಟು.

ಭಾಲ್ಕಿಯ ಆ ಹಿರಿಯರು ಆ ವರ್ಷ ಭಾವನ ಮನೆಯಿಂದ ಒಂದು ಎತ್ತು ತಂದು ಬಿತ್ತನೆ ಮುಗಿಸಿಕೊಂಡರು. ದೀಪಾವಳಿಯ ನಂತರ ಲಸಿಕೆಯವರ ಸಂಗಡ ನಾನು ಹೋದಾಗ ಅವರ ಅಂಗಳದಲ್ಲಿ ಎರಡು ಎತ್ತು, ಒಂದು ಆಕಳು, ಹೋರಿಗರು ಸಾಲಾಗಿ ಕಟ್ಟಿದ್ದವು. ಕರುವಿಗೆ ನಾಲ್ಕು ತಿಂಗಳು ತುಂಬಿದ ದಿನವನ್ನು ಮೊಮ್ಮಗಳು ಗೋಡೆಯ ಮೇಲೆ ಸುಣ್ಣದಿಂದ ಬರೆದಿದ್ದಳು. "ಇದಕ್ಕ ಮುಂದಿನ ತಿಂಗಳು ಇನ್ನೊಂದು ಅಲ್ರೀ?" ಎಂದು ಅವಳೇ ನನ್ನನ್ನು ಕೇಳಿದಳು. ಹೌದು ಎಂದೆ.